ಸ್ವಲ್ಪ ಈ ಏಣಿ ಹಿಡ್ಕೊಳ್ತೀರಾ ಅಂತ ಕೇಳಿ ನೋಡಿ

ಮಾನ್ಯ ಸಂಪಾದಕರೇ,

ಅಕ್ಕಪಕ್ಕದವರ ಜೊತೆ ಮಾತಿಲ್ಲ, ಹೆಸರೂ ಗೊತ್ತಿಲ್ಲ, ಮನೆ ತುಂಬ ಜನ ಇದ್ದರೂ ಒಂಟಿ ಅನ್ನಿಸುತ್ತದೆ ಅಂತ ಓದುಗರು ಬೇಸರದಿಂದ ಬರೆದ ಪತ್ರಗಳನ್ನು ನಿಮ್ಮ ಪತ್ರಿಕೆಯಲ್ಲಿ ಆಗಾಗ ಓದುತ್ತೇನೆ. ಅದಕ್ಕೆ ಬರುವ ಸಲಹೆಗಳು ಹೆಚ್ಚುಕಡಿಮೆ ಒಂದೇ ಥರ. ಬೇರೆಯವರಿಗೆ ಸಹಾಯ ಮಾಡಿ, ಕೈಲಾದಷ್ಟು ಕೊಡಿ, ಜನ ತಾವಾಗೇ ಹತ್ತಿರ ಆಗುತ್ತಾರೆ. ಒಳ್ಳೆ ಮಾತೇ. ಆದರೆ ಇನ್ನೊಂದು ಕಡೆಯೂ ಇದೆ, ಅದನ್ನು ಯಾಕೋ ಯಾರೂ ಹೇಳುವುದಿಲ್ಲ. ಕೊಟ್ಟರೆ ಮಾತ್ರ ಅಲ್ಲ, ಕೇಳಿದರೂ ಜನ ಹತ್ತಿರ ಆಗುತ್ತಾರೆ. ಕೆಲವು ಸಲ ಕೇಳಿದಾಗಲೇ ಜಾಸ್ತಿ. ದೊಡ್ಡದೇನೂ ಕೇಳಬೇಕಾಗಿಲ್ಲ. ಏಣಿ ಹತ್ತುವಾಗ ಕೆಳಗೆ ಸ್ವಲ್ಪ ಹಿಡ್ಕೊಳ್ತೀರಾ, ನಿಮ್ಮ ಸ್ಕ್ರೂಡ್ರೈವರ್ ಒಂದು ಗಳಿಗೆ ಕೊಡ್ತೀರಾ, ನಾನು ಊರಲ್ಲಿ ಇಲ್ಲದಾಗ ಗಿಡಕ್ಕೆ ಒಂದು ಚೊಂಬು ನೀರು ಹಾಕ್ತೀರಾ, ಇಷ್ಟೇ.

ಆದರೆ ಕೇಳೋದೇ ಇಲ್ಲವಲ್ಲ ನಾವು! "ಅವರಿಗೆ ಯಾಕೆ ಸುಮ್ನೆ ತೊಂದರೆ" ಅಂದುಕೊಂಡು ಬಿಟ್ಟುಬಿಡುತ್ತೇವೆ. ಏಣಿ ಬೇಕಾದರೆ ಕೊಂಡುಕೊಳ್ಳುತ್ತೇವೆ, ದಾರಿ ಬೇಕಾದರೆ ಫೋನು ನೋಡುತ್ತೇವೆ, ಸಾಮಾನು ಎತ್ತಬೇಕಾದರೆ ದುಡ್ಡು ಕೊಟ್ಟು ಯಾರನ್ನೋ ಕರೆಸುತ್ತೇವೆ. ಯಾರ ಹಂಗೂ ಇಲ್ಲ ಅನ್ನೋದು ಒಂದು ಹೆಮ್ಮೆ. ತೊಂದರೆ ಕೊಡಬಾರದು ಅನ್ನುವ ಮನಸ್ಸು ಒಳ್ಳೆಯದೇ, ಅದನ್ನು ನಾನು ಹಳಿಯುತ್ತಿಲ್ಲ. ಆದರೆ ಎದುರಿನವರ ಕಡೆಯಿಂದ ಒಮ್ಮೆ ನೋಡಿ. ಹತ್ತು ವರ್ಷ ಪಕ್ಕದಲ್ಲೇ ಇದ್ದೂ ನೀವು ಅವರನ್ನು ಒಂದು ಸೂಜಿ ಕೂಡ ಕೇಳಿಲ್ಲ ಅಂದರೆ, ಅವರಿಗೆ ಅದು ಮರ್ಯಾದೆ ಅನ್ನಿಸುತ್ತಾ, ಇಲ್ಲ ಇವರಿಗೆ ನಾವು ಬೇಕಾಗಿಲ್ಲ ಅನ್ನಿಸುತ್ತಾ?

ಇದು ಹೊಸ ಮಾತೇನಲ್ಲ. ಅಮೆರಿಕದ ಹಳೇ ಕಾಲದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಒಂದು ಸಂಗತಿ ಬರೆದಿದ್ದಾನೆ. 1736ರಲ್ಲಿ ಅವನು ಪೆನ್ಸಿಲ್ವೇನಿಯಾದ ಶಾಸನಸಭೆಗೆ ಗುಮಾಸ್ತನಾಗಿ ಆಯ್ಕೆಯಾದ. ಮರುವರ್ಷ ಮತ್ತೆ ಅವನ ಹೆಸರು ಬಂದಾಗ ಹೊಸದಾಗಿ ಬಂದ ಸದಸ್ಯನೊಬ್ಬ ಎದ್ದು ನಿಂತು ಇವನ ವಿರುದ್ಧ ಉದ್ದಕ್ಕೆ ಭಾಷಣ ಮಾಡಿದ. ಆದರೂ ಕೆಲಸ ಫ್ರಾಂಕ್ಲಿನ್‌ಗೇ ಸಿಕ್ಕಿತು. ಆ ಸದಸ್ಯ ಮಾತ್ರ ದುಡ್ಡಿದ್ದವನು, ಓದಿದವನು, ಮುಂದೆ ಸಭೆಯಲ್ಲಿ ಅವನ ಮಾತು ನಡೆಯುವ ಹಾಗಿತ್ತು. ಅಂಥವನನ್ನು ಎದುರು ಹಾಕಿಕೊಳ್ಳುವುದು ಒಳ್ಳೆಯದಲ್ಲ. ಹಾಗಂತ ಹೋಗಿ ಬಾಲ ಅಲ್ಲಾಡಿಸುವುದಕ್ಕೂ ಫ್ರಾಂಕ್ಲಿನ್‌ಗೆ ಮನಸ್ಸಿರಲಿಲ್ಲ. ಆ ಮನುಷ್ಯನ ಹತ್ತಿರ ಒಂದು ಅಪರೂಪದ ಪುಸ್ತಕ ಇದೆ ಅಂತ ಗೊತ್ತಾಗಿತ್ತು. ಕೆಲವು ದಿನದ ಮಟ್ಟಿಗೆ ಅದನ್ನು ಓದಲು ಕೊಡ್ತೀರಾ ಅಂತ ಒಂದು ಚೀಟಿ ಬರೆದು ಕಳಿಸಿದ. ಪುಸ್ತಕ ತಕ್ಷಣ ಬಂತು. ಸುಮಾರು ಒಂದು ವಾರಕ್ಕೆ ಅದನ್ನು ವಾಪಸ್ ಕಳಿಸಿದ, ಜೊತೆಗೆ ತುಂಬ ಉಪಕಾರವಾಯಿತು ಅಂತ ಮತ್ತೊಂದು ಚೀಟಿ. ಮುಂದಿನ ಸಲ ಸಭೆಯಲ್ಲಿ ಎದುರಾದಾಗ, ಅಲ್ಲಿಯ ತನಕ ಒಂದು ಮಾತೂ ಆಡದಿದ್ದ ಆ ಮನುಷ್ಯ ತಾನೇ ಬಂದು ಮರ್ಯಾದೆಯಿಂದ ಮಾತಾಡಿಸಿದ. ಅವನು ಸಾಯುವ ತನಕ ಇಬ್ಬರೂ ಸ್ನೇಹಿತರಾಗೇ ಇದ್ದರು.

ಇದರಲ್ಲಿ ನನಗೆ ಹಿಡಿಸುವುದು ಫ್ರಾಂಕ್ಲಿನ್‌ನ ಜಾಣತನ ಅಲ್ಲ. ಅವನು ಕೇಳಿದ ವಸ್ತು. ಅವನು ದುಡ್ಡು ಕೇಳಲಿಲ್ಲ, ಶಿಫಾರಸು ಕೇಳಲಿಲ್ಲ. ಆ ಮನುಷ್ಯ ಯಾವುದನ್ನು ಪ್ರೀತಿಯಿಂದ ಕೂಡಿಟ್ಟುಕೊಂಡಿದ್ದನೋ ಅದನ್ನೇ ಕೇಳಿದ. ನಿಮ್ಮ ಹತ್ತಿರ ಒಳ್ಳೆಯದೊಂದು ಇದೆ, ಅದರ ಬೆಲೆ ನನಗೆ ಗೊತ್ತು ಅಂತ ಬಾಯಿಬಿಟ್ಟು ಹೇಳದೆಯೇ ಹೇಳಿದ ಹಾಗಾಯಿತು. ಹೊಗಳಿದ್ದರೆ ಆ ಮನುಷ್ಯ ನಂಬುತ್ತಿರಲಿಲ್ಲ. ಕೇಳಿದ್ದಕ್ಕೆ ನಂಬಿದ.

ಮನಶ್ಶಾಸ್ತ್ರದವರು ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 1969ರಲ್ಲಿ ಜಾನ್ ಜೆಕರ್ ಮತ್ತು ಡೇವಿಡ್ ಲ್ಯಾಂಡಿ ಅನ್ನುವವರು ಒಂದು ಪ್ರಯೋಗ ಮಾಡಿದರು. ಬಂದವರು ಒಂದು ಸ್ಪರ್ಧೆಯಲ್ಲಿ ಸ್ವಲ್ಪ ದುಡ್ಡು ಗೆಲ್ಲುತ್ತಾರೆ. ಆಮೇಲೆ ಕೆಲವರ ಹತ್ತಿರ ಪ್ರಯೋಗ ನಡೆಸಿದವನೇ ಬಂದು, ಇದು ನನ್ನ ಸ್ವಂತ ದುಡ್ಡು, ಖಾಲಿಯಾಗ್ತಾ ಇದೆ, ವಾಪಸ್ ಕೊಟ್ಟರೆ ಉಪಕಾರ ಆಗುತ್ತೆ ಅಂತ ಕೇಳುತ್ತಾನೆ. ಇನ್ನು ಕೆಲವರ ಹತ್ತಿರ ಆಫೀಸಿನ ಕಾರ್ಯದರ್ಶಿ ಬಂದು, ಮನಶ್ಶಾಸ್ತ್ರ ವಿಭಾಗದ ಹಣ ಕಮ್ಮಿಯಾಗಿದೆ, ವಾಪಸ್ ಕೊಡಿ ಅಂತಾರೆ. ಉಳಿದವರನ್ನು ಏನೂ ಕೇಳುವುದಿಲ್ಲ. ಕೊನೆಗೆ ಆ ಮನುಷ್ಯ ನಿಮಗೆ ಎಷ್ಟು ಇಷ್ಟವಾದ ಅಂತ ಕೇಳಿದರೆ, ಅವನಿಗೆ ಖುದ್ದು ದುಡ್ಡು ವಾಪಸ್ ಕೊಟ್ಟವರೇ ಅವನನ್ನು ಹೆಚ್ಚು ಮೆಚ್ಚಿಕೊಂಡಿದ್ದರು. ವಿಭಾಗದ ಹೆಸರಲ್ಲಿ ಕೊಟ್ಟವರಿಗೆ ಅವನು ಎಲ್ಲರಿಗಿಂತ ಕಮ್ಮಿ ಇಷ್ಟವಾಗಿದ್ದ. ದುಡ್ಡು ಹೋದದ್ದು ಇಬ್ಬರಿಂದಲೂ. ಒಂದು ಕಡೆ ಮನುಷ್ಯ ಮನುಷ್ಯನನ್ನು ಕೇಳಿದ, ಇನ್ನೊಂದು ಕಡೆ ಕಚೇರಿ ಕೇಳಿತು.

ಯಾಕೆ ಹೀಗೆ ಅನ್ನುವುದಕ್ಕೆ ಬೇರೆ ಬೇರೆ ವಿವರಣೆಗಳಿವೆ. ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ನಮ್ಮ ನಡತೆ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಎಳೆದರೆ ನಮಗೆ ಕಸಿವಿಸಿ. ಹಿಡಿಸದವನಿಗೆ ಸಹಾಯ ಮಾಡಿದ್ದೇನೆ ಅಂದರೆ ಮನಸ್ಸು ತಾನೇ ಸರಿ ಮಾಡಿಕೊಳ್ಳುತ್ತದೆ, ಅಷ್ಟೇನೂ ಕೆಟ್ಟವನಲ್ಲ ಬಿಡು ಅಂತ. ಇನ್ನೊಂದು ವಿವರಣೆ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಯು ನೀಯಾ ಅನ್ನುವ ಜಪಾನಿನ ಸಂಶೋಧಕಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರಿನವರು ಕೇಳಿದ್ದಕ್ಕೆ ಸಹಾಯ ಮಾಡಿದಾಗ ಅವರ ಮೇಲೆ ಇಷ್ಟ ಹೆಚ್ಚಾಗಿತ್ತು, ಕೇಳದೆ ತಾನಾಗೇ ಮಾಡಿದಾಗ ಹಾಗೆ ಆಗಲಿಲ್ಲ. ಅಂದರೆ ನಾವು ಪಟ್ಟ ಶ್ರಮ ಅಲ್ಲ, ಅವರು ನಮ್ಮನ್ನು ಕೇಳಿದರಲ್ಲ ಅನ್ನೋದು ಮುಖ್ಯ. ಇವರಿಗೆ ನನ್ನ ಹತ್ತಿರ ಬರೋದಕ್ಕೆ ಮನಸ್ಸಿದೆ ಅನ್ನೋದು ಆ ಕೇಳಿದ ಮಾತಲ್ಲೇ ಗೊತ್ತಾಗಿಬಿಡುತ್ತೆ.

ಈಗ ನಾನು ನಿಜವಾಗಿ ಹೇಳಬೇಕು ಅಂತ ಕೂತ ವಿಷಯಕ್ಕೆ ಬರುತ್ತೇನೆ. ವಯಸ್ಸಾದವರ ವಿಷಯ.

ವಯಸ್ಸಾದವರಿಗೆ ನಾವು ಎಲ್ಲವನ್ನೂ ಮಾಡಿಕೊಡುತ್ತೇವೆ. ಚೀಲ ಕೈಯಿಂದ ಇಸ್ಕೊಳ್ತೀವಿ, ಬಿಲ್ಲು ನಾವೇ ಕಟ್ತೀವಿ, ಎದ್ದರೆ "ಕೂತ್ಕೊಳ್ಳಿ ಕೂತ್ಕೊಳ್ಳಿ" ಅಂತೀವಿ. ಪ್ರೀತಿಯಿಂದಲೇ, ಅದರಲ್ಲಿ ಸಂಶಯ ಇಲ್ಲ. ಆದರೆ ಅವರನ್ನು ಏನಾದರೂ ಕೇಳ್ತೀವಾ? ನಲವತ್ತು ವರ್ಷ ಒಂದು ಕೆಲಸ ಮಾಡಿದ ಮನುಷ್ಯ, ದಿನಾ ಹತ್ತು ಜನ ಬಂದು ಇದು ಹೇಗೆ ಅದು ಹೇಗೆ ಅಂತ ಕೇಳುತ್ತಿದ್ದ ಮನುಷ್ಯ, ನಿವೃತ್ತಿಯಾದ ಮರುದಿನದಿಂದ ಯಾರೂ ಏನೂ ಕೇಳದ ಮನುಷ್ಯ ಆಗಿಬಿಡುತ್ತಾನೆ. ಹೊತ್ತು ಹೊತ್ತಿಗೆ ಊಟ ಮಾತ್ರೆ ಎಲ್ಲ ಸಿಗುತ್ತೆ. ಬರೀ ತಗೊಳ್ಳೋದೇ ಆಗಿಬಿಟ್ಟರೆ ಯಾರಿಗಾದರೂ ಕುಗ್ಗಿದ ಹಾಗೆ ಆಗುತ್ತೆ, ಅಲ್ವಾ?

ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾದವರು. ಅವರ ಔಷಧಿಯನ್ನೋ ಪಾರ್ಸಲ್ಲನ್ನೋ ನಾನು ಮೇಲಕ್ಕೆ ಕೊಂಡುಹೋಗಿ ಕೊಟ್ಟರೆ, ಬಾಗಿಲು ಅರ್ಧ ತೆರೆದು ಇಸ್ಕೊಂಡು "ನಿಮಗೆ ಸುಮ್ನೆ ತೊಂದರೆ" ಅನ್ನುತ್ತಿದ್ದರು. ಅಷ್ಟರ ಮೇಲೆ ಮಾತು ಬೆಳೆಯುತ್ತಿರಲಿಲ್ಲ. ಒಂದು ಸಲ ನಾನೊಂದು ಅರ್ಜಿ ಬರೆದಿದ್ದೆ, ನಾಲ್ಕು ಪುಟದ್ದು. ತಪ್ಪಿಲ್ಲದೆ ಇರಬೇಕಿತ್ತು. ತಗೊಂಡು ಹೋಗಿ "ಸರ್, ಇದನ್ನ ಸ್ವಲ್ಪ ನೋಡಿಕೊಡ್ತೀರಾ?" ಅಂದೆ.

"ಅರ್ಜೆಂಟಾ?"

"ಇಲ್ಲ ಸರ್, ನಾಡಿದ್ದು ಕೊಟ್ಟರೂ ಆಯ್ತು."

"ಬಾ, ಒಳಗೆ ಬಾ. ಕೂತ್ಕೋ."

ಅಲ್ಲಿಯ ತನಕ ಬಹುವಚನ, ಅವತ್ತು ಏಕವಚನ. ಕನ್ನಡಕ ಬದಲಾಯಿಸಿದರು. ಡ್ರಾಯರಿನಿಂದ ಒಂದು ಸ್ಟೀಲ್ ಸ್ಕೇಲು, ಒಂದು ಕೆಂಪು ಪೆನ್ಸಿಲ್ ತೆಗೆದರು. ಸ್ಕೇಲನ್ನು ಮೊದಲ ಸಾಲಿನ ಕೆಳಗೆ ಇಟ್ಟು, ಆ ಸಾಲು ಮುಗಿಯುವ ತನಕ ಕೆಳಗೆ ಸರಿಸಲಿಲ್ಲ. ಓದುವಾಗ ತುಟಿ ಅಲ್ಲಾಡುತ್ತಿತ್ತು. ತಪ್ಪು ಸಿಕ್ಕರೆ ಸಾಲಿನಲ್ಲಿ ಸಣ್ಣ ಗೀಟು, ಅಂಚಿನಲ್ಲಿ ಒಂದು ಗುರುತು. ಹಾಗೆ ಸಾಲು ಸಾಲಾಗಿ ನಾಲ್ಕೂ ಪುಟ. ಒಂದು ಕಡೆ ನಾನು ಎರಡು ಸಲ ಬರೆದಿದ್ದ ಒಂದೇ ಹೆಸರನ್ನು ಎರಡು ಥರ ಬರೆದಿದ್ದೇನೆ ಅಂತ ಮೂರನೇ ಪುಟದಿಂದ ಮೊದಲ ಪುಟಕ್ಕೆ ತಿರುಗಿಸಿ ತೋರಿಸಿದರು. ಅದು ಕಂಪ್ಯೂಟರಿಗೂ ಸಿಕ್ಕಿರಲಿಲ್ಲ. ಅಂಚಿನ ಒಂದೊಂದು ಗುರುತಿಗೂ ಏನರ್ಥ, ಅಚ್ಚಿನ ಮೊಳೆ ಜೋಡಿಸುವವರಿಗೆ ಅದು ಹೇಗೆ ತಿಳಿಯುತ್ತಿತ್ತು ಅಂತೆಲ್ಲ ಹೇಳುತ್ತಾ ಕತ್ತಲಾಯಿತು. ಅದೇ ವಾರ ಅವರು ತಾವಾಗೇ ಕೆಳಗೆ ಬಂದರು, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಡ್ತೀಯಾ ಅಂತ. ಅಷ್ಟು ದಿನವೂ ಅವರು ಆ ಸಣ್ಣ ಅಕ್ಷರದಲ್ಲೇ ಕಷ್ಟಪಟ್ಟು ಓದುತ್ತಿದ್ದರು. ಕೇಳುವುದಕ್ಕೆ ಸಂಕೋಚ. ನಾನು ಒಂದು ಕೇಳಿದ ಮೇಲೆ ಅವರಿಗೂ ಒಂದು ಕೇಳುವ ದಾರಿ ಸಿಕ್ಕಿತು.

ಇದನ್ನು ಓದುವ ಪ್ರತಿಯೊಬ್ಬರ ಸುತ್ತಲೂ ಇಂಥ ಒಬ್ಬರಾದರೂ ಇರುತ್ತಾರೆ. ಹೊಲಿಗೆ ಗೊತ್ತಿರುವ ಚಿಕ್ಕಮ್ಮ, ಲೆಕ್ಕಪತ್ರ ನೋಡಿದ ದೊಡ್ಡಪ್ಪ, ರೇಡಿಯೋ ಬಿಚ್ಚಿ ಜೋಡಿಸುತ್ತಿದ್ದ ಪಕ್ಕದ ಮನೆಯವರು. ಅವರಿಗೆ ಏನು ಕೊಡಲಿ ಅಂತ ಮಾತ್ರ ಯೋಚನೆ ಮಾಡಬೇಡಿ. ಏನು ಕೇಳಲಿ ಅಂತಲೂ ಯೋಚಿಸಿ.

ಮಾತು ಬಿಟ್ಟವರ ವಿಷಯದಲ್ಲೂ ಇದು ನಡೆಯುತ್ತದೆ. ಅಣ್ಣ ತಮ್ಮ, ಅಕ್ಕ ತಂಗಿ, ಯಾವುದೋ ಹಳೇ ಜಗಳಕ್ಕೆ ವರ್ಷಗಟ್ಟಲೆ ಮಾತಿಲ್ಲ. ಯಾರು ಮೊದಲು ತಪ್ಪಾಯ್ತು ಅನ್ನಬೇಕು ಅನ್ನೋದರಲ್ಲೇ ಕಾಲ ಹೋಗುತ್ತೆ. ಅಂಥ ಕಡೆ ಕ್ಷಮೆಗಿಂತ ಒಂದು ಸಣ್ಣ ಕೋರಿಕೆ ಸುಲಭ. "ಅಮ್ಮನ ಆ ಹಳೇ ಫೋಟೊ ನಿನ್ನ ಹತ್ತಿರ ಇದೆಯಲ್ಲ, ಒಂದು ಕಾಪಿ ಕಳಿಸ್ತೀಯಾ?" ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ, ಮಾತು ಮಾತ್ರ ಶುರುವಾಯಿತು. ಎಲ್ಲ ಜಗಳಕ್ಕೂ ಇದು ಔಷಧಿ ಅಂತ ನಾನು ಹೇಳುವುದಿಲ್ಲ. ಕೆಲವು ಗಾಯ ಆಳವಾಗಿರುತ್ತವೆ, ಅಲ್ಲಿ ಫೋಟೊ ಕೇಳಿದರೆ ಏನೂ ಆಗುವುದಿಲ್ಲ. ಆದರೆ ಬಹಳಷ್ಟು ಮುನಿಸು ಅಷ್ಟು ಆಳದ್ದಲ್ಲ.

ಸರಿ, ಕೇಳಿದರೆ ಇಲ್ಲ ಅಂದುಬಿಟ್ಟರೆ? ಎಲ್ಲರನ್ನೂ ಹಿಂದಕ್ಕೆ ಎಳೆಯುವುದು ಈ ಹೆದರಿಕೆಯೇ. ಈ ಹೆದರಿಕೆ ಎಷ್ಟು ನಿಜ ಅಂತ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳೆದು ನೋಡಿದ್ದಾರೆ. ಗುರುತಿಲ್ಲದವರ ಹತ್ತಿರ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಕು. ಐದು ಜನ ತುಂಬಿಕೊಡಬೇಕಾದರೆ ಎಷ್ಟು ಜನರನ್ನು ಕೇಳಬೇಕಾಗಬಹುದು ಅಂದರೆ, ಹೊರಟವರು ಸುಮಾರು 20 ಅಂದರು. ಹೋಗಿ ಕೇಳಿದಾಗ ಸುಮಾರು 10 ಜನರಲ್ಲೇ ಕೆಲಸ ಮುಗಿದಿತ್ತು. ಒಂದು ಕರೆ ಮಾಡಬೇಕು, ನಿಮ್ಮ ಫೋನ್ ಕೊಡ್ತೀರಾ ಅಂತ ಕೇಳುವ ಪರೀಕ್ಷೆಯಲ್ಲೂ ಇದೇ ಕತೆ, ಜನ ಅಂದುಕೊಂಡಿದ್ದಕ್ಕಿಂತ ಬೇಗ ಒಪ್ಪಿದರು. ಕೇಳುವವರು ಎದುರಿನವರಿಗೆ ಆಗುವ ಕಷ್ಟವನ್ನೇ ನೋಡುತ್ತಾರೆ. ಮುಖ ನೋಡಿ ಇಲ್ಲ ಅನ್ನುವುದು ಅವರಿಗೆ ಎಷ್ಟು ಕಷ್ಟ ಅನ್ನೋದು ಹೊಳೆಯುವುದಿಲ್ಲ. 2022ರಲ್ಲಿ ಷುವಾನ್ ಝಾವೊ ಮತ್ತು ನಿಕೋಲಸ್ ಎಪ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಮಾತೂ ಗೊತ್ತಾಯಿತು. ಸಹಾಯ ಮಾಡಿದವರಿಗೆ ಆಗುವ ಖುಷಿಯನ್ನೂ ನಾವು ಕಮ್ಮಿ ಅಂದಾಜು ಮಾಡುತ್ತೇವೆ.

ಸಹಾಯ ಮಾಡುವ ಮನಸ್ಸು ನಮ್ಮಲ್ಲಿ ಬಹಳ ಸಣ್ಣ ವಯಸ್ಸಿಗೇ ಬಂದುಬಿಟ್ಟಿರುತ್ತದೆ. ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 18 ತಿಂಗಳ ಮಕ್ಕಳ ಎದುರು ಒಬ್ಬರು ಬಟ್ಟೆ ಒಣಹಾಕುತ್ತಾ ಕ್ಲಿಪ್ಪನ್ನು ಕೈಜಾರಿ ಬೀಳಿಸುತ್ತಾರೆ, ಬಗ್ಗಿದರೂ ಕೈಗೆ ಎಟುಕುವುದಿಲ್ಲ. ಇನ್ನೂ ನೆಟ್ಟಗೆ ಮಾತು ಬಾರದ ಮಕ್ಕಳು ಎದ್ದು ಹೋಗಿ ಅದನ್ನು ಎತ್ತಿಕೊಟ್ಟವು. ಬೇಕು ಅಂತಲೇ ಎಸೆದಾಗ ಮಾತ್ರ ಹಾಗೆ ಎದ್ದು ಬರಲಿಲ್ಲ.

ಕೇಳುವುದರಲ್ಲೂ ಒಂದು ರೀತಿ ಇದೆ. ಎದುರಿಗೆ ಹೋಗಿ ಕೇಳಿ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಪರಿಚಿತರನ್ನು ಮುಖತಃ ಕೇಳಿದ್ದು ಇಮೇಲಿನಲ್ಲಿ ಕೇಳಿದ್ದಕ್ಕಿಂತ 34 ಪಟ್ಟು ಹೆಚ್ಚು ಫಲ ಕೊಟ್ಟಿತ್ತು. ಹಾಗೇ ಒಬ್ಬರನ್ನು ಕೇಳಿ, ಗುಂಪನ್ನಲ್ಲ. ವಾಟ್ಸಾಪ್ ಗುಂಪಿನಲ್ಲಿ "ಯಾರ ಹತ್ತಿರವಾದರೂ ಡ್ರಿಲ್ಲಿಂಗ್ ಮಷೀನ್ ಇದೆಯಾ" ಅಂತ ಹಾಕಿದರೆ ಎಲ್ಲರೂ ಓದುತ್ತಾರೆ, ಬೇರೆ ಯಾರಾದರೂ ಕೊಡ್ತಾರೆ ಬಿಡು ಅಂತ ಸುಮ್ಮನಾಗುತ್ತಾರೆ. ಜಾನ್ ಡಾರ್ಲಿ ಮತ್ತು ಬಿಬ್ ಲಾಟನೆ 1968ರಲ್ಲೇ ಇದನ್ನು ತೋರಿಸಿದ್ದರು. ಇನ್ನೊಂದು ಕೋಣೆಯಲ್ಲಿ ಯಾರಿಗೋ ಮೂರ್ಛೆ ಬಂದ ಸದ್ದು ಕೇಳಿದಾಗ, ಕೇಳಿದವನು ತಾನೊಬ್ಬನೇ ಅಂದುಕೊಂಡವರಲ್ಲಿ ಶೇ. 85ರಷ್ಟು ಜನ ಬೇಗ ಹೋಗಿ ತಿಳಿಸಿದರು. ಇನ್ನೂ ನಾಲ್ವರಿಗೆ ಕೇಳಿಸಿದೆ ಅಂದುಕೊಂಡವರಲ್ಲಿ ಶೇ. 31ರಷ್ಟು ಮಾತ್ರ. ಜೀವದ ವಿಷಯದಲ್ಲೇ ಹೀಗಾದರೆ ಡ್ರಿಲ್ಲಿಂಗ್ ಮಷೀನಿನ ಗತಿ ಏನು?

ಇಲ್ಲ ಅನ್ನುವುದಕ್ಕೆ ಅವರಿಗೆ ಜಾಗ ಇರಲಿ. "ಆಗದಿದ್ದರೆ ಪರವಾಗಿಲ್ಲ" ಅನ್ನೋದನ್ನು ಬಾಯಿಮಾತಿಗೆ ಹೇಳಬೇಡಿ, ಅವರು ಆಗಲ್ಲ ಅಂದಾಗ ನಿಜವಾಗಲೂ ಮುಖ ಸಣ್ಣದು ಮಾಡಿಕೊಳ್ಳಬೇಡಿ. ತಗೊಂಡದ್ದನ್ನು ಹೇಳಿದ ದಿನ, ಹೇಗಿತ್ತೋ ಹಾಗೇ ವಾಪಸ್ ಕೊಡಿ. ಆಮೇಲೆ ಏನಾಯಿತು ಅಂತಲೂ ಹೇಳಿ. ಇದನ್ನು ತುಂಬ ಜನ ಮರೆಯುತ್ತಾರೆ. ನಾನು ಅರ್ಜಿಯ ಕೆಲಸ ಆಯಿತು ಅಂತ ಮೇಲೆ ಹೋಗಿ ಹೇಳಿದಾಗ ಆ ಹಿರಿಯರು ಕೇಳಿದ ಮೊದಲ ಪ್ರಶ್ನೆ, "ಅವರು ಆ ಹೆಸರು ಗಮನಿಸಿದರಾ?"

ಇನ್ನೊಂದು. ಯಾರಾದರೂ ಸಣ್ಣ ಸಹಾಯ ಮಾಡಿದ ತಕ್ಷಣ ಏನಾದರೂ ತಂದು ಕೈಗೆ ತುರುಕಿ ಲೆಕ್ಕ ಚುಕ್ತಾ ಮಾಡುವ ಅಭ್ಯಾಸ ಇದೆಯಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಸ್ವಲ್ಪ ಬಾಕಿ ಇರಲಿ. ಬಾಕಿ ಇದ್ದರೆ ತಾನೇ ಮತ್ತೆ ಬಾಗಿಲು ತಟ್ಟುವುದು.

ಇಷ್ಟು ಹೇಳಿ ಇನ್ನೊಂದು ಮುಖ ಹೇಳದಿದ್ದರೆ ತಪ್ಪಾಗುತ್ತದೆ. ಮೇಲಧಿಕಾರಿ ಕೈಕೆಳಗಿನವರ ಹತ್ತಿರ "ಒಂದು ಸಣ್ಣ ಸಹಾಯ" ಅಂದರೆ ಅದು ಸಹಾಯ ಅಲ್ಲ, ಆಜ್ಞೆ. ಇಲ್ಲ ಅನ್ನಲಾಗದ ಕಡೆ ಕೇಳಬಾರದು. ಮನೆಯಲ್ಲಿ, ಆಫೀಸಿನಲ್ಲಿ ಎಲ್ಲದಕ್ಕೂ ಒಬ್ಬರನ್ನೇ ಕೇಳುವುದೂ ಹಾಗೇ. ಸಾಮಾನ್ಯವಾಗಿ ಅದು ಹೆಂಗಸರ ಪಾಲಿಗೇ ಬರುತ್ತದೆ. ನೀರು, ಪೆನ್ನು, ಕೀಲಿಕೈ, ಕಳೆದುಹೋದ ಕಾಲುಚೀಲ, ಬೆಳಿಗ್ಗೆಯಿಂದ ಸಂಜೆ ತನಕ ಅವರನ್ನೇ. ಅವರಿಗೆ ಇನ್ನೊಂದು ಕೋರಿಕೆ ಬೇಕಾಗಿಲ್ಲ, ಅವರು ಕೇಳಿದ್ದನ್ನು ಬೇರೆಯವರು ಎದ್ದು ಮಾಡಿಕೊಡಬೇಕು. ಒಬ್ಬರು ಹೊಟ್ಟೆಪಾಡಿಗೆ ಮಾಡುವ ಕೆಲಸವನ್ನು ಸ್ನೇಹದ ಹೆಸರಲ್ಲಿ ಪುಕ್ಕಟೆ ಮಾಡಿಸಿಕೊಳ್ಳುವುದು ಬೇಡ. ಮತ್ತೆ, ಸಣ್ಣದಕ್ಕೆ ಹೂಂ ಅನ್ನಿಸಿ ಆಮೇಲೆ ದೊಡ್ಡದಕ್ಕೆ ಕೈ ಹಾಕುವವರಿದ್ದಾರೆ. ಸಣ್ಣದಕ್ಕೆ ಒಪ್ಪಿದವರು ದೊಡ್ಡದಕ್ಕೂ ಒಪ್ಪುವ ಸಂಭವ ಜಾಸ್ತಿ ಅಂತ 1966ರಲ್ಲೇ ಫ್ರೀಡ್‌ಮನ್ ಮತ್ತು ಫ್ರೇಸರ್ ಅನ್ನುವ ಸಂಶೋಧಕರು ತೋರಿಸಿದ್ದಾರೆ, ಅದನ್ನು ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಅಂಥವರ ಹತ್ತಿರ ಕೇಳುವುದು ಮಾತ್ರ ಇರುತ್ತದೆ. ನೀವು ಕೇಳಿದ ದಿನ ಅವರಿಗೆ ಪುರುಸೊತ್ತಿರುವುದಿಲ್ಲ. ಗುರುತು ಹಿಡಿಯುವುದು ಕಷ್ಟವೇನಲ್ಲ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಹಿರಿಯರಿಗೆ ಏನೇನು ಮಾಡಿಕೊಡಬೇಕು ಅಂತ ಪತ್ರಿಕೆಗಳಲ್ಲಿ ಬಹಳ ಬರುತ್ತದೆ. ಅವರನ್ನು ಏನೇನು ಕೇಳಬಹುದು ಅಂತ ತಿಳಿಸುವ ಒಂದು ಸಣ್ಣ ಜಾಗವನ್ನು ವಾರಕ್ಕೊಮ್ಮೆ ಕೊಡುವುದಕ್ಕೆ ಆಗುತ್ತದಾ? ನನಗೆ ಗಡಿಯಾರ ರಿಪೇರಿ ಗೊತ್ತು, ನಾನು ಹಳೇ ದಾಖಲೆಗಳ ಕೈಬರಹ ಓದಬಲ್ಲೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ ಅಂತ ಅವರೇ ಎರಡು ಸಾಲು ಬರೆದು ಕಳಿಸಲಿ. ವಿಳಾಸ, ಫೋನ್ ನಂಬರ್ ಅಚ್ಚು ಹಾಕಬೇಡಿ, ಪತ್ರಿಕೆಯ ಮೂಲಕವೇ ಕೇಳಲಿ. ಜಾಗ ಇಲ್ಲ ಅಂದರೆ ಬೇಸರ ಇಲ್ಲ. ಆಗುತ್ತದೆ ಅಂದರೆ, ಬಂದ ಪತ್ರಗಳ ಕರಡು ನೋಡುವುದಕ್ಕೆ ನಮ್ಮ ಮೇಲಿನ ಮಹಡಿಯವರನ್ನು ಕೇಳಿ ನೋಡುತ್ತೇನೆ.

ಇತಿ,
ನಿಮ್ಮ ಓದುಗ